ಮನೆಯವರ ಬಿ.ಪಿ. ನೋಡಿಸಿದ್ದೀರಾ?



ಸಂಘದ ಸಭೆಯಲ್ಲಿ ಹಸು ಕೊಳ್ಳಲು, ಮಕ್ಕಳ ಫೀಸಿಗೆ ಎಂದು ಸಾಲ ಕೇಳಿದರೆ ನಾವು ಹತ್ತು ಪ್ರಶ್ನೆ ಕೇಳುತ್ತೇವೆ. "ಮನೆಯವರ ಆಸ್ಪತ್ರೆ ಖರ್ಚಿಗೆ" ಎಂದರೆ ಯಾರೂ ಏನೂ ಕೇಳುವುದಿಲ್ಲ, ಸಾಲ ಕೊಟ್ಟುಬಿಡುತ್ತೇವೆ. ಹೀಗೆ ಸಾಲ ಪಡೆದ ಸದಸ್ಯೆಯೊಬ್ಬರ ಪತಿಗೆ 46ನೇ ವಯಸ್ಸಿನಲ್ಲಿ ಲಕ್ವ ಹೊಡೆಯಿತು. ಒಂದು ದಿನವೂ ಮಲಗಿದವರಲ್ಲ, ಗಟ್ಟಿಮುಟ್ಟಾದ ಆಳು. "ಇವರ ಬಿ.ಪಿ. ಮೊದಲು ಯಾವಾಗ ನೋಡಿಸಿದ್ರಿ?" ಎಂದು ಡಾಕ್ಟರು ಕೇಳಿದಾಗ ಆಕೆಗೆ ಉತ್ತರ ಗೊತ್ತಿರಲಿಲ್ಲ. ಆಕೆಯ ಬಿ.ಪಿ. ಮಾತ್ರ ಎರಡು ಬಸಿರಿನಲ್ಲೂ ತಾಯಿ ಕಾರ್ಡಿನಲ್ಲಿ ಬರೆದಿತ್ತು. ಹೆಂಗಸರಿಗೆ ಬಸಿರು, ಬಾಣಂತನ, ಮಗುವಿನ ಚುಚ್ಚುಮದ್ದು ಅಂತ ನರ್ಸಮ್ಮನ ಪರಿಚಯ ಇರುತ್ತದೆ. ಗಂಡಸರಿಗೆ ಬಿದ್ದಾಗಲೇ ಆಸ್ಪತ್ರೆ.

ಬಿ.ಪಿ. ಹೆಚ್ಚಾದರೆ ತಲೆನೋವು ಬರುತ್ತದೆ ಎಂದು ನಂಬಿದವರು ಬಹಳ ಮಂದಿ. ಹೆಚ್ಚಿನವರಿಗೆ ಏನೂ ಗೊತ್ತಾಗುವುದೇ ಇಲ್ಲ. ಅಳತೆ ಮಾಡಿದರೆ ಮಾತ್ರ ತಿಳಿಯುವ ಕಾಯಿಲೆ ಇದು. ಅಳೆಯುವ ಮುಂಚೆ ಅರ್ಧ ಗಂಟೆ ಬೀಡಿ, ಕಾಫಿ ಬೇಡ. ಐದು ನಿಮಿಷ ಸುಮ್ಮನೆ ಕೂತಿರಬೇಕು. ಮೇಲಿನ ಅಂಕಿ 140 ಅಥವಾ ಕೆಳಗಿನದು 90, ಇಲ್ಲವೇ ಅದಕ್ಕೂ ಹೆಚ್ಚು ಬಂದರೆ ಹೆದರಬೇಡಿ, ಬೇರೆ ದಿನ ಮತ್ತೆ ನೋಡಿಸಿ. ಆಗಲೂ ಹಾಗೇ ಇದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಸಕ್ಕರೆ ಕಾಯಿಲೆಗೆ ಖಾಲಿ ಹೊಟ್ಟೆಯ ರಕ್ತಪರೀಕ್ಷೆ: 100ರಿಂದ 125 ಬಂದರೆ ಕಾಯಿಲೆ ಹೊಸ್ತಿಲಲ್ಲಿದೆ, 126 ಅಥವಾ ಹೆಚ್ಚಾದರೆ ಎರಡನೇ ಸಲ ಪರೀಕ್ಷಿಸಿ ಖಚಿತ ಮಾಡುತ್ತಾರೆ.

ಮೂರನೆಯದು ಬಾಯಿ. ಇದನ್ನು ಯಾರೂ ಕೇಳುವುದಿಲ್ಲ, ಆದ್ದರಿಂದ ನಾವು ಒತ್ತಿ ಹೇಳುತ್ತೇವೆ. ಗುಟ್ಕಾ, ಹೊಗೆಸೊಪ್ಪು ಕೆಟ್ಟದ್ದು ಎಂಬುದು ಎಲ್ಲರಿಗೂ ಗೊತ್ತು. "ನಮ್ಮವರು ಬರೀ ಅಡಿಕೆ ಹಾಕ್ತಾರೆ ಸಿಸ್ಟರ್" ಅನ್ನುತ್ತೀರಿ. ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆದು ಬದುಕುವ ಮನೆಗಳಲ್ಲಿ ಈ ಮಾತು ಕಹಿ, ನಮಗೂ ಗೊತ್ತು. ಬಾಯಿ ಅಗಲಿಸಿದಾಗ ಅವರದೇ ಮೂರು ಬೆರಳು ಒಂದರ ಮೇಲೊಂದು ಹಿಡಿಸದಿದ್ದರೆ, ಕೆನ್ನೆಯ ಒಳಗೆ ಬಿಳಿ ಇಲ್ಲವೇ ಕೆಂಪು ಮಚ್ಚೆ ಇದ್ದರೆ, ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ತಡ ಮಾಡದೆ ತೋರಿಸಿ. ಖಾರ ತಿಂದರೆ ಬಾಯಿ ಉರಿಯುತ್ತದೆ, ಸಾರಿಗೆ ಮೆಣಸು ಕಡಿಮೆ ಹಾಕು ಎಂದು ಅವರು ಹೇಳತೊಡಗಿದರೆ ಅದೂ ಒಂದು ಸೂಚನೆ. ಅಡುಗೆ ಮಾಡುವ ನಿಮಗೇ ಇದು ಮೊದಲು ತಿಳಿಯುವುದು.

30 ದಾಟಿದ ಎಲ್ಲರಿಗೂ ಈ ಮೂರು ತಪಾಸಣೆಗಳು ಸರ್ಕಾರಿ ಉಪಕೇಂದ್ರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಸಾವಿರಾರು ರೂಪಾಯಿಯ "ಫುಲ್ ಬಾಡಿ ಚೆಕಪ್" ಪ್ಯಾಕೇಜಿಗೆ ಸಂಘದ ಸಾಲ ತೆಗೆಯಬೇಡಿ. 2024ರಲ್ಲಿ ಕೋಲಾರದಲ್ಲಿ ಆರಂಭವಾದ 'ಗೃಹ ಆರೋಗ್ಯ' ಯೋಜನೆಯಲ್ಲಿ ಮನೆಗೇ ಬಂದು ನೋಡುವ ವ್ಯವಸ್ಥೆ ಇದೆ. ಆದರೆ ಹಗಲು ಹೊತ್ತು ಬಂದರೆ ಗಂಡಸರು ಮನೆಯಲ್ಲಿ ಎಲ್ಲಿರುತ್ತಾರೆ?

ಈ ತಪ್ಪನ್ನು ನಾವೂ ಮಾಡಿದ್ದೇವೆ. ಒಂದು ಊರಿನಲ್ಲಿ ಬುಧವಾರ ಹನ್ನೊಂದು ಗಂಟೆಗೆ ಶಿಬಿರ ಇಟ್ಟೆವು. ಹೆಂಗಸರು ತುಂಬಿದ್ದರು, ಗಂಡಸರು ನಾಲ್ಕೇ ಮಂದಿ. ಗಂಡಸರಿಗೆ ಜವಾಬ್ದಾರಿ ಇಲ್ಲ ಎಂದು ಬೈದುಕೊಂಡು ಬಂದೆವು. ಒಂದು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ ಎಂದು ಆಮೇಲೆ ಹೊಳೆಯಿತು. ಮುಂದಿನ ಸಲ ಭಾನುವಾರ ಬೆಳಿಗ್ಗೆ ಏಳಕ್ಕೆ ಇಟ್ಟೆವು. ಖಾಲಿ ಹೊಟ್ಟೆಯ ಪರೀಕ್ಷೆಗೂ ಅದೇ ಸರಿಯಾದ ಹೊತ್ತು. ಹೆಂಡತಿ ಕರೆದರೆ ಬಾರದವರು ಭಾವ-ಮೈದುನರು ಕರೆದಾಗ ಬಂದರು.

ಜಗಳ ಆಡಿ ಕಳಿಸಬೇಡಿ. "ನಂಗೇನಾಗಿದೆ?" ಅಂದರೆ "ಏನೂ ಆಗಿಲ್ಲ, ಅದಕ್ಕೇ ಈಗ ಹೋಗೋಣ" ಅನ್ನಿ. ನೀವೂ ಜೊತೆಗೆ ನೋಡಿಸಿಕೊಳ್ಳಿ. ಮಾತ್ರೆ ಶುರುವಾದ ಮೇಲೆ ಬಿ.ಪಿ. ಸರಿಯಾಯಿತು ಎಂದು ತಾವಾಗಿಯೇ ನಿಲ್ಲಿಸಲು ಬಿಡಬೇಡಿ. ಅದು ಸರಿಯಾಗಿರುವುದೇ ಮಾತ್ರೆಯಿಂದ.

ಮುಂದಿನ ಸಭೆಗೆ: ನಿಮ್ಮ ಮನೆಯಲ್ಲಿ 30 ದಾಟಿದ ಗಂಡಸರು ಎಷ್ಟು ಜನ, ಕಳೆದ ಒಂದು ವರ್ಷದಲ್ಲಿ ಬಿ.ಪಿ. ನೋಡಿಸಿದವರು ಎಷ್ಟು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಎಣಿಕೆ ಸಾಕು, ಯಾರ ಬಿ.ಪಿ. ಎಷ್ಟು ಎಂದು ಸಭೆಯಲ್ಲಿ ಓದಬೇಡಿ. ಆಶಾ ಕಾರ್ಯಕರ್ತೆಯನ್ನು ಸಭೆಗೆ ಕರೆದು, ಭಾನುವಾರ ಅಥವಾ ಕೆಲಸಕ್ಕೆ ರಜೆ ಇರುವ ದಿನ ತಪಾಸಣೆ ಇಡಲು ಸಾಧ್ಯವೇ ಎಂದು ಕೇಳಿ.