ಮೆಗ್ನೀಸಿಯಂ ಡಬ್ಬಿಯ ಹಿಂಬದಿ ಲೆಕ್ಕ

ನಮ್ಮ ಮನೆಯ ತಿಂಗಳ ಔಷಧಿ ಖರ್ಚು ನೋಡಿಕೊಳ್ಳುವುದು ನಾನು. ಅಪ್ಪನ ಬಿಪಿ, ಅಮ್ಮನ ಥೈರಾಯ್ಡ್, ಗ್ಯಾಸ್ಟ್ರಿಕ್ ಮಾತ್ರೆಗಳ ಪಟ್ಟಿಗೆ ಕೆಲ ಕಾಲದ ಹಿಂದೆ ಮೆಗ್ನೀಸಿಯಂ ಕೂಡ ಸೇರಿಕೊಂಡಿತು. ಅಮ್ಮನ ರಕ್ತದಲ್ಲಿ ಅದರ ಪ್ರಮಾಣ ಕಡಿಮೆ ಬಂದಿತ್ತು. ವೈದ್ಯರು ಮೊದಲು ಕೇಳಿದ್ದೇ ಗ್ಯಾಸ್ಟ್ರಿಕ್ ಮಾತ್ರೆ ಎಷ್ಟು ವರ್ಷದಿಂದ ನಡೆಯುತ್ತಿದೆ ಅಂತ. ಆ ಬಗೆಯ ಮಾತ್ರೆಗಳನ್ನು ದೀರ್ಘಕಾಲ ನುಂಗಿದರೆ ಮೆಗ್ನೀಸಿಯಂ ಇಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿದೆ.

ಚೀಟಿಯಲ್ಲಿ ‘ಮೆಗ್ನೀಸಿಯಂ’ ಅಂತಷ್ಟೇ ಇತ್ತು. ಅಂಗಡಿಯವರು ಒಂದು ಸ್ಟ್ರಿಪ್ ಮುಂದಿಟ್ಟು, “ಇದು ತಗೊಳ್ಳಿ ಮೇಡಂ, ಪವರ್ ಜಾಸ್ತಿ, ರೇಟೂ ಕಮ್ಮಿ” ಅಂದರು. ಹತ್ತು ಮಾತ್ರೆಗೆ 30 ರೂಪಾಯಿ, ಒಂದೊಂದರಲ್ಲೂ 400 ಮಿಲಿಗ್ರಾಂ ಮೆಗ್ನೀಸಿಯಂ ಆಕ್ಸೈಡ್. ಅವರು ಹೇಳಿದ್ದು ಸುಳ್ಳಲ್ಲ. ಆಕ್ಸೈಡ್‌ನ ತೂಕದಲ್ಲಿ ಶೇ 60ರಷ್ಟು ಮೆಗ್ನೀಸಿಯಂ ಇರುತ್ತದೆ. ಅಂದರೆ ಮೂರು ರೂಪಾಯಿಗೆ 240 ಮಿಲಿಗ್ರಾಂ. ಇಷ್ಟು ಅಗ್ಗಕ್ಕೆ ಬೇರೆ ಯಾವ ರೂಪದಲ್ಲೂ ಸಿಗುವುದಿಲ್ಲ.

ಆದರೆ ಹೊಟ್ಟೆಗೆ ಹೋದದ್ದೆಲ್ಲ ಮೈಗೆ ಹತ್ತುವುದಿಲ್ಲವಲ್ಲ. ಅಮೆರಿಕದ ಮಾರುಕಟ್ಟೆಯ ಮಾತ್ರೆಗಳನ್ನು ಹೋಲಿಸಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಕ್ಸೈಡ್‌ನಿಂದ ದೇಹ ಹೀರಿಕೊಂಡದ್ದು ಶೇ 4ರಷ್ಟು ಮಾತ್ರ. ಆ ಲೆಕ್ಕ ಹಿಡಿದರೆ 240 ಮಿಲಿಗ್ರಾಂನಲ್ಲಿ ದಕ್ಕುವುದು ಹತ್ತರ ಆಸುಪಾಸು. 1990ರ ಇನ್ನೊಂದು ಪ್ರಯೋಗ ಕಾರಣವನ್ನೂ ತೋರಿಸಿತು: ಮೆಗ್ನೀಸಿಯಂನ ಇನ್ನೊಂದು ರೂಪವಾದ ಸಿಟ್ರೇಟ್ ಬರೀ ನೀರಿನಲ್ಲೇ ಶೇ 55ರಷ್ಟು ಕರಗಿತು, ಆಕ್ಸೈಡ್ ನೀರಿನಲ್ಲಿ ಕರಗಲೇ ಇಲ್ಲ ಎನ್ನಬಹುದು. ಹೊಟ್ಟೆಯ ಆಮ್ಲ ಅತಿ ಹೆಚ್ಚು ಇರುವಂಥ ದ್ರಾವಣದಲ್ಲೂ ಅದು ಕರಗಿದ್ದು ಶೇ 43 ಅಷ್ಟೇ. ಈಗ ಅಮ್ಮನ ಸ್ಥಿತಿ ಯೋಚಿಸಿ. ಆಮ್ಲ ಕಡಿಮೆ ಮಾಡುವ ಮಾತ್ರೆಯಿಂದಲೇ ಮೆಗ್ನೀಸಿಯಂ ಇಳಿದಿರಬಹುದಾದ ಹೆಂಗಸಿಗೆ, ಕರಗಲು ಆಮ್ಲವನ್ನೇ ನಂಬಿರುವ ಮಾತ್ರೆ ಕೊಡುವುದೇ? ವಯಸ್ಸಾದವರ ಮನೆಗಳಲ್ಲೆಲ್ಲ ಗ್ಯಾಸ್ಟ್ರಿಕ್ ಮಾತ್ರೆ ಇದ್ದೇ ಇರುತ್ತದೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಆಕ್ಸೈಡ್ ಮಾತ್ರೆಯನ್ನು ಕೌಂಟರಿನಲ್ಲೇ ಬಿಟ್ಟು ಬಂದೆ.

ಆಮೇಲೆ ಬೇರೆ ಡಬ್ಬಿಗಳನ್ನು ಜೋಡಿಸಿಟ್ಟುಕೊಂಡು ಲೆಕ್ಕ ಹಾಕಿದೆ. ಒಂದರ ಮುಂಭಾಗದಲ್ಲಿ ದಪ್ಪಕ್ಷರದಲ್ಲಿ ‘2000 ಮಿಲಿಗ್ರಾಂ ಗ್ಲೈಸಿನೇಟ್’. ಹಿಂಬದಿಯಲ್ಲಿ, ಕನ್ನಡಕ ಹಾಕಿದರೂ ಕಷ್ಟಪಡಬೇಕಾದ ಅಕ್ಷರದಲ್ಲಿ: ಒಂದು ಸರ್ವಿಂಗ್ ಎಂದರೆ ಎರಡು ಮಾತ್ರೆ, ಎಲಿಮೆಂಟಲ್ ಮೆಗ್ನೀಸಿಯಂ, ಅಂದರೆ ನಿಜಕ್ಕೂ ಇರುವ ಮೆಗ್ನೀಸಿಯಂ, 280 ಮಿಲಿಗ್ರಾಂ. ನಾವು ದುಡ್ಡು ಕೊಡುವುದು ಈ 280ಕ್ಕೆ. 120 ಮಾತ್ರೆಗೆ 900 ರೂಪಾಯಿ, ಅಂದರೆ 100 ಮಿಲಿಗ್ರಾಂಗೆ ಐದೂವರೆ ರೂಪಾಯಿಯ ಹತ್ತಿರ. ಸಿಟ್ರೇಟ್ ಡಬ್ಬಿ 60 ಮಾತ್ರೆಗೆ 480 ರೂಪಾಯಿ, ಮಾತ್ರೆಗೆ 100 ಮಿಲಿಗ್ರಾಂ. ಅಲ್ಲಿಗೆ ಎಂಟು ರೂಪಾಯಿ. ಮೂರನೆಯದು ಥ್ರಿಯೋನೇಟ್, 90 ಕ್ಯಾಪ್ಸೂಲ್‌ಗೆ 2,400 ರೂಪಾಯಿ. ಮೂರು ಕ್ಯಾಪ್ಸೂಲ್ ನುಂಗಿದರೆ ಸಿಗುವುದು 144 ಮಿಲಿಗ್ರಾಂ. 100 ಮಿಲಿಗ್ರಾಂಗೆ 55 ರೂಪಾಯಿ ಬೀಳುತ್ತದೆ! ಮಿದುಳಿಗೆ ಒಳ್ಳೆಯದೆಂಬ ಹೆಸರು ಅದಕ್ಕೆ ಬಂದದ್ದು 2010ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಿಂದ. ಮೆಗ್ನೀಸಿಯಂ ಕೊರತೆ ತುಂಬಿಸಲು ಹತ್ತು ಪಟ್ಟು ಬೆಲೆ ಕೊಡಬೇಕಾದ ಕಾರಣ ನನಗಂತೂ ಕಾಣಲಿಲ್ಲ.

ಗ್ಲೈಸಿನೇಟ್ ಕೊಳ್ಳುವವರು ಒಂದು ಗುಣಾಕಾರ ಮಾಡಿ ನೋಡಬೇಕು. ಶುದ್ಧ ಗ್ಲೈಸಿನೇಟ್‌ನಲ್ಲಿ ಮೆಗ್ನೀಸಿಯಂ ಇರುವುದು ಶೇ 14ರಷ್ಟು. 500 ಮಿಲಿಗ್ರಾಂ ಗ್ಲೈಸಿನೇಟ್‌ನಲ್ಲಿ 200 ಮಿಲಿಗ್ರಾಂ ಎಲಿಮೆಂಟಲ್ ಇದೆ ಎಂದು ಬರೆದಿದ್ದರೆ ಅದು ಆಗದ ಮಾತು. ‘ಬಫರ್ಡ್’ ಎಂದಿದ್ದರೆ ಸಾಮಾನ್ಯವಾಗಿ ಆಕ್ಸೈಡ್ ಬೆರೆಸಿದ್ದಾರೆಂದೇ ಅರ್ಥ. ಆಕ್ಸೈಡ್‌ಗೆ ಗ್ಲೈಸಿನೇಟ್ ಬೆಲೆ ತೆರುವುದು ಯಾರಿಗೆ ಬೇಕು?

ನಾನು ಕೊನೆಗೆ ಕೊಂಡದ್ದು ಸಿಟ್ರೇಟ್, ಗ್ಲೈಸಿನೇಟ್‌ಗಿಂತ ಸ್ವಲ್ಪ ದುಬಾರಿಯಾದರೂ. ಸಿಟ್ರೇಟ್ ಹೊಟ್ಟೆಯನ್ನು ಸಡಿಲ ಮಾಡುತ್ತದೆ, ಅಮ್ಮನಿಗೆ ಮಲಬದ್ಧತೆಯ ಕಾಟವೂ ಇತ್ತು. ಹೊಟ್ಟೆ ಬೇಗ ಕೆಡುವವರಿಗೆ ಗ್ಲೈಸಿನೇಟ್ ವಾಸಿ. ಒಂದೇ ಸಲಕ್ಕೆ ಹೆಚ್ಚು ನುಂಗಿದಷ್ಟೂ ಹೀರಿಕೆಯ ಪಾಲು ಇಳಿಯುತ್ತದೆ, ಹಾಗಾಗಿ ಮಧ್ಯಾಹ್ನ ಊಟದ ಜೊತೆ ಒಂದು, ರಾತ್ರಿ ಒಂದು. ಬೆಳಿಗ್ಗೆ ಮಾತ್ರ ಬೇಡ: ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ತಾಸಿನ ಅಂತರವಿರಬೇಕು, ಇಲ್ಲದಿದ್ದರೆ ಅದರ ಕೆಲಸ ಕೆಡುತ್ತದೆ.

ವೈದ್ಯರು ಹೇಳದೆ ಡಬ್ಬಿ ಕೊಳ್ಳಲು ಹೊರಟವರಿಗೆ ಇನ್ನೊಂದು ಲೆಕ್ಕ ಕೊಡುತ್ತೇನೆ. ಐಸಿಎಂಆರ್ 2020ರ ಪಟ್ಟಿಯ ಪ್ರಕಾರ ದಿನಕ್ಕೆ ಗಂಡಸರಿಗೆ 440, ಹೆಂಗಸರಿಗೆ 370 ಮಿಲಿಗ್ರಾಂ ಬೇಕು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 140 ಮಿಲಿಗ್ರಾಂ ಇದೆ. ನಮ್ಮಲ್ಲಿ ಕಿಲೋ ರಾಗಿ 50-60 ರೂಪಾಯಿ. 100 ಮಿಲಿಗ್ರಾಂಗೆ ನಾಲ್ಕು ರೂಪಾಯಿಯಾಯಿತು, ಜೊತೆಗೆ ಒಂದು ಹೊತ್ತಿನ ಮುದ್ದೆಯೂ ಆಯಿತು. ರಾಗಿಯಲ್ಲಿರುವ ಫೈಟೇಟ್ ಹೀರಿಕೆಯನ್ನು ಒಂದಿಷ್ಟು ತಡೆಯುವುದು ನಿಜ, ಮೊಳಕೆ ಕಟ್ಟಿದರೆ ಅದು ತಗ್ಗುತ್ತದೆ. ಎಳ್ಳು, ಕುಂಬಳಬೀಜ, ಹುರುಳಿ ಇವೂ ಮೆಗ್ನೀಸಿಯಂ ಚೆನ್ನಾಗಿರುವ ಪದಾರ್ಥಗಳೇ.

ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆಂದು ಮೆಗ್ನೀಸಿಯಂ ಮಾತ್ರೆ ಕೊಳ್ಳುವವರೂ ಇದ್ದಾರೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆ 2020ರಲ್ಲಿ ವಯಸ್ಸಾದವರ ಸೆಳೆತಕ್ಕೆ ಮೆಗ್ನೀಸಿಯಂನಿಂದ ಗಮನಾರ್ಹ ಉಪಯೋಗ ಆಗುವ ಸಂಭವ ಕಡಿಮೆ ಎಂದಿದೆ. ಇನ್ನು ಮೂತ್ರಪಿಂಡದ ತೊಂದರೆ ಇರುವವರಲ್ಲಿ ಮೆಗ್ನೀಸಿಯಂ ಹೊರಹೋಗದೆ ರಕ್ತದಲ್ಲೇ ಸೇರಿಕೊಂಡು ಅಪಾಯ ತರಬಹುದು. ಅಮ್ಮನಿಗೆ ವೈದ್ಯರು ಮೊದಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದ್ದು ಅದಕ್ಕೇ. ನಮ್ಮೂರಿನ ಲ್ಯಾಬ್‌ನಲ್ಲಿ ಅದರ ಖರ್ಚು ಈ ಮೂರೂ ಡಬ್ಬಿಗಳಿಗಿಂತ ಕಡಿಮೆ.