ಗೋಧಿ ಬಿಟ್ಟವರಿಗೂ ಹೂರಣದ ಹೋಳಿಗೆ

ಹೂರಣದ ಹೋಳಿಗೆಯಲ್ಲಿ ಗೋಧಿ ಇರುವುದು ಕಣಕದಲ್ಲಿ ಮಾತ್ರ. ಕಡಲೆಬೇಳೆ, ಬೆಲ್ಲ, ಏಲಕ್ಕಿ, ಜಾಜಿಕಾಯಿ, ತುಪ್ಪ ಯಾವುದರಲ್ಲೂ ಗ್ಲುಟೆನ್ ಇಲ್ಲ. ಗ್ಲುಟೆನ್ ಎಂಬುದು ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಪ್ರೋಟೀನು. ಸೀಲಿಯಾಕ್ ಕಾಯಿಲೆ ಇರುವವರಲ್ಲಿ ಇದು ಸಣ್ಣ ಕರುಳಿನ ಒಳಪದರವನ್ನೇ ಹಾಳುಗೆಡವುತ್ತದೆ. ಅವರಿಗೆ ಜೀವನಪೂರ್ತಿ ಪಥ್ಯವೇ ಮದ್ದು. ಹಬ್ಬದ ದಿನವೆಂದು ಅದಕ್ಕೆ ರಿಯಾಯಿತಿ ಇಲ್ಲ. (ಕಾಯಿಲೆಯ ಅನುಮಾನವಿದ್ದವರು ರಕ್ತಪರೀಕ್ಷೆಗೆ ಮೊದಲೇ ಗೋಧಿ ಬಿಡಬಾರದು, ಫಲಿತಾಂಶ ತಪ್ಪಾಗಿ ಬರಬಹುದು.) ಇಚಲಕರಂಜಿ, ಶಹಾಪುರ, ಗಡಹಿಂಗ್ಲಜ ಭಾಗದಲ್ಲಿ ಹೋಳಿ ಹುಣ್ಣಿಮೆ, ಯುಗಾದಿ, ಕಾರಹುಣ್ಣಿಮೆಗೆ ಬರುವ ಎತ್ತಿನ ಹಬ್ಬವಾದ ಕರ್ನಾಟಕಿ ಬೆಂದೂರ ಎಲ್ಲಕ್ಕೂ ಹೋಳಿಗೆಯೇ ಆಗಬೇಕು. ಎತ್ತಿಗೂ ಸಿಗುವ ಹೋಳಿಗೆ ಮನೆಯ ಮಗುವಿಗೆ ತಪ್ಪಬೇಕಾಗಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ. ಖಪಲಿ ಗೋಧಿ, ಅಂದರೆ ಜವೆಗೋಧಿ, ಈ ಸೀಮೆಯಲ್ಲಿ ಬಹಳ ಮೆಚ್ಚಿನದು; ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದೆಂಬ ಹೆಸರೂ ಅದಕ್ಕಿದೆ. ಆದರೆ ಅದೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ರವೆ, ಮೈದಾ, ಶಾವಿಗೆಗಳ ಮಾತೂ ಅಷ್ಟೇ. ಸಜ್ಜಕದ ಹೋಳಿಗೆಯಲ್ಲಂತೂ ಒಳಗೂ ಹೊರಗೂ ಗೋಧಿ.

ಗೋಧಿ ಕಣಕ ನಾದಿದಷ್ಟೂ ಎಳೆ ಬಿಟ್ಟು ಹಿಗ್ಗುತ್ತದೆ. ಜೋಳ, ಅಕ್ಕಿ ಹಿಟ್ಟಿಗೆ ಆ ಗುಣವಿಲ್ಲ. ತಣ್ಣೀರಲ್ಲಿ ಎಷ್ಟು ನಾದಿದರೂ, ಎಷ್ಟು ಹೊತ್ತು ನೆನೆಸಿದರೂ ಬರುವುದಿಲ್ಲ. ಗೋಧಿಯ ನಕಲು ಮಾಡಲು ಹೋಗುವ ಬದಲು ರೊಟ್ಟಿಯ ದಾರಿ ಹಿಡಿಯುವುದು ಲೇಸು. ಜೋಳದ ರೊಟ್ಟಿಗೆ ಎಸರಿಟ್ಟು ಹಿಟ್ಟು ಕಲಸುವುದು, ಗಣಪತಿಯ ಕಡುಬಿಗೆ ಅಕ್ಕಿ ಹಿಟ್ಟನ್ನು ಕುದಿನೀರಲ್ಲಿ ಬೇಯಿಸಿಕೊಳ್ಳುವುದು ಇಲ್ಲಿ ಮನೆಮನೆಯ ವಿದ್ಯೆ. ಕುದಿನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಜಿಗುಟಾಗುತ್ತದೆ. ಹೋಳಿಗೆಯನ್ನು ಹಿಡಿದಿಡಲು ಆ ಜಿಗುಟು ಸಾಕು.

ಹನ್ನೆರಡು ಹೋಳಿಗೆಗೆ ಕಡಲೆಬೇಳೆ 200 ಗ್ರಾಂ, ಬೆಲ್ಲ 175 ಗ್ರಾಂ, ನುಣ್ಣನೆಯ ಅಕ್ಕಿ ಹಿಟ್ಟು 150 ಗ್ರಾಂ, ಜೋಳದ ಹಿಟ್ಟು 50 ಗ್ರಾಂ, ಇಸಬಗೋಲು ಎರಡು ಚಹಾ ಚಮಚ, ನೀರು ಸುಮಾರು 300 ಮಿಲಿ, ಎಣ್ಣೆ, ಚಿಟಿಕೆ ಉಪ್ಪು, ಏಲಕ್ಕಿ, ಜಾಜಿಕಾಯಿ ಬೇಕು. ಬೆಲ್ಲ ಕೊಲ್ಲಾಪುರದ್ದೇ ಸಿಗುತ್ತದೆ. 2014ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಬಂದಿದೆ. ಅಕ್ಕಿ ಹೊಸದಿದ್ದಷ್ಟೂ ಒಳ್ಳೆಯದು. ಅನ್ನಕ್ಕೆ ಹಳೆಯ ಅಕ್ಕಿ ಹುಡುಕುವವರು ಇಲ್ಲಿ ಉಲ್ಟಾ ಹುಡುಕಬೇಕು, ಹೊಸ ಅಕ್ಕಿಯ ಹಿಟ್ಟು ಚೆನ್ನಾಗಿ ಅಂಟುತ್ತದೆ. ಜೋಳದ ಹಿಟ್ಟೂ ತಾಜಾ ಇರಲಿ, ಹಳೆಯದು ಬಿರಿಯುತ್ತದೆ.

ಬೇಳೆಯನ್ನು ಒಂದು ತಾಸು ನೆನೆಸಿ, ಬೆರಳಲ್ಲಿ ಒತ್ತಿದರೆ ಹಿಟ್ಟಾಗುವಷ್ಟು ಬೇಯಿಸಿ ಕಟ್ಟು ಬಸಿಯಬೇಕು. ಬೆಲ್ಲ ಸೇರಿಸಿ, ನಡುವೆ ನೆಟ್ಟ ಸೌಟು ಬೀಳದೆ ನಿಲ್ಲುವ ತನಕ ಕೈಯಾಡಿಸಿ, ಬಿಸಿ ಇರುವಾಗಲೇ ಹೂರಣದ ಯಂತ್ರದಲ್ಲಿ ತೆಗೆಯಬೇಕು. ಗೋಧಿ ಹೋಳಿಗೆಯಲ್ಲಿ ಒಂದೆರಡು ಇಡೀ ಬೇಳೆ ಉಳಿದರೆ ನಡೆದೀತು, ಇಲ್ಲಿ ಒಂದೇ ಬೇಳೆ ಮೇಲಿನ ಪದರವನ್ನು ಹರಿದು ಹೊರಗೆ ಇಣುಕುತ್ತದೆ. ಸಂಶಯವಿದ್ದರೆ ಜರಡಿಯಲ್ಲಿ ಇನ್ನೊಮ್ಮೆ ತಿಕ್ಕುವುದು ಒಳ್ಳೆಯದು.

ಕಣಕಕ್ಕೆ ನೀರು, ಉಪ್ಪು, ಒಂದು ಚಮಚ ಎಣ್ಣೆ ಕುದಿಸಿ, ಇಸಬಗೋಲು ಬೆರೆಸಿದ ಹಿಟ್ಟನ್ನು ಒಮ್ಮೆಲೇ ಸುರಿದು, ಸೌಟಿನ ಹಿಡಿಯಿಂದ ತಿರುವಿ, ಉರಿ ಆರಿಸಿ ಹತ್ತು ನಿಮಿಷ ಮುಚ್ಚಿಡಬೇಕು. ಕೈ ತಾಳುವಷ್ಟು ಬಿಸಿ ಇರುವಾಗ ಎಣ್ಣೆಗೈಯಲ್ಲಿ ಅಂಗೈಯ ಬುಡ ಒತ್ತಿ ಚೆನ್ನಾಗಿ ಮಿದಿಯಬೇಕು. ಉಂಡೆಯನ್ನು ಒತ್ತಿದಾಗ ಅಂಚು ಸೀಳಿದರೆ ಬಿಸಿನೀರು ಚಿಮುಕಿಸಿ ಮತ್ತೆ ನಾದಬೇಕು. ಸೀಳದಿದ್ದರೆ ಹಿಟ್ಟು ಹದಕ್ಕೆ ಬಂದಂತೆ. ಆಮೇಲೆ ಒದ್ದೆ ಬಟ್ಟೆ ಮುಚ್ಚಿಟ್ಟಿರಬೇಕು. ಹೂರಣವೂ ಕಣಕವೂ ಒಂದೇ ಹದಕ್ಕೆ ಮೆತ್ತಗಿರುವುದು ಮುಖ್ಯ; ಹೂರಣ ಗಟ್ಟಿಯಾದರೆ ಲಟ್ಟಿಸುವಾಗ ಕಣಕ ಸರಿದುಹೋಗಿ ಹೂರಣ ನಡುವೆಯೇ ಉಳಿಯುತ್ತದೆ.

ಲಿಂಬೆ ಗಾತ್ರದ ಕಣಕವನ್ನು ಬಟ್ಟಲಿನಂತೆ ತಿದ್ದಿ, ಅಷ್ಟೇ ಹೂರಣ ತುಂಬಿ, ಬಾಯಿ ಮುಚ್ಚಿ, ಎಣ್ಣೆ ಸವರಿದ ಬಾಳೆ ಎಲೆ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಬೆರಳಿಂದ ತಟ್ಟಬೇಕು. ಲಟ್ಟಣಿಗೆ ಕೊನೆಗೆ ಒಂದೆರಡು ಸಲ, ಹಗುರಾಗಿ. ಹೊಸಬರಿಗೆ ಇದಕ್ಕಿಂತ ಸುಲಭದ ದಾರಿ: ತೆಳ್ಳಗೆ ಎರಡು ಹಾಳೆ ತಟ್ಟಿ, ನಡುವೆ ಹೂರಣ ಹರಡಿ, ಅಂಚು ಒತ್ತುವುದು. ಅಂಗೈಗಿಂತ ತುಸು ದೊಡ್ಡದಾದರೆ ಸಾಕು. ತಟ್ಟೆಯಗಲದ ಹೋಳಿಗೆಯ ಆಸೆ ಇಲ್ಲಿ ಬಿಡಬೇಕು. ಕಾದ ಹಂಚಿನ ಮೇಲೆ ಎಲೆಸಮೇತ ಬೋರಲು ಹಾಕಿ, ಎಲೆ ತಾನಾಗಿ ಬಿಟ್ಟುಕೊಂಡ ಮೇಲೆ ಸುಲಿಯಬೇಕು. (ಪ್ಲಾಸ್ಟಿಕ್ ಆದರೆ ಹೋಳಿಗೆಯನ್ನು ಮೊದಲು ಅಂಗೈಗೆ ತೆಗೆದುಕೊಂಡು ಹಂಚಿಗೆ ಹಾಕಬೇಕು.) ಮಧ್ಯಮ ಉರಿಯಲ್ಲಿ ಕೆಳಬದಿ ಪೂರ್ತಿ ಗಟ್ಟಿಯಾಗುವ ತನಕ ಮಗುಚಬಾರದು. ಮುರಿಯುವುದು ಹೆಚ್ಚಾಗಿ ಈ ಅವಸರದಲ್ಲೇ. ಮಗುಚಿದ ಮೇಲೆ ತುಪ್ಪ.

ಅಡುಗೆ ಸರಿಯಾದರೂ ಗೋಧಿ ಬೇರೆ ದಾರಿಯಿಂದ ಬರಬಹುದು. ‘ಗ್ಲುಟೆನ್ ರಹಿತ’ ಎಂದು ಪೊಟ್ಟಣದ ಮೇಲೆ ಬರೆಯಲು ಭಾರತದ ನಿಯಮ ಇಟ್ಟಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ ಕಲ್ಲಿನಲ್ಲಿ ಉಳಿದ ಹಿಟ್ಟೇ ಆ ಮಿತಿ ಮೀರಿಸಬಲ್ಲದು. ಅಕ್ಕಿಯನ್ನೂ ಜೋಳವನ್ನೂ ಮನೆಯ ಮಿಕ್ಸಿಯಲ್ಲಿ ಬೀಸಿ ಎರಡು ಸಲ ಜರಡಿ ಹಿಡಿಯುವುದು ಕ್ಷೇಮ, ಆ ಜರಡಿಯೂ ಬೇರೆಯೇ ಇರಲಿ. ಕಟ್ಟಿಗೆಯ ಮಣೆ, ಲಟ್ಟಣಿಗೆ ಎಷ್ಟು ತೊಳೆದರೂ ಸಂದಿಯಲ್ಲಿ ಹಿಟ್ಟು ಉಳಿಯುವುದರಿಂದ ಅವನ್ನೂ ಪ್ರತ್ಯೇಕ ಇಡಬೇಕು. ಒಂದೇ ಒಲೆಯಲ್ಲಿ ಎರಡೂ ಬಗೆ ಆಗುವುದಿದ್ದರೆ ಮನೆಯಲ್ಲಿ ಗೋಧಿ ಹಿಟ್ಟಿನ ಡಬ್ಬಿ ತೆರೆಯುವ ಮೊದಲೇ ಗೋಧಿಯಿಲ್ಲದ ಹೋಳಿಗೆ ಬೇಯಿಸಿ ಮುಗಿಸಬೇಕು. ಕಟ್ಟಿನ ಸಾರಿನ ಒಗ್ಗರಣೆಗೂ ಎಚ್ಚರ ಬೇಕು: ಅಂಗಡಿಯ ಡಬ್ಬಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಇಂಗು ಬಿಟ್ಟು ಬೆಳ್ಳುಳ್ಳಿ, ಕರಿಬೇವು, ಸಂಕೇಶ್ವರಿ ಮೆಣಸಿನಕಾಯಿ ಹಾಕಿದರೂ ಸಾರಿಗೆ ಕೊರತೆಯಾಗದು.

ಗೋಧಿಯ ಹೋಳಿಗೆಯಂತೆ ಇವನ್ನು ಮೂರು ದಿನ ಡಬ್ಬಿಯಲ್ಲಿಡಲು ಬರುವುದಿಲ್ಲ. ಆರಿದಂತೆ ಪಿಷ್ಟ ಬಿಗಿದು ಗಡುಸಾಗುತ್ತದೆ, ಫ್ರಿಜ್ಜಿನಲ್ಲಿ ಇನ್ನೂ ಬೇಗ. ಬಿಸಿಯಾಗಿ ಹಾಲು, ತುಪ್ಪದೊಡನೆ ತಿನ್ನುವುದೇ ಸರಿ. ಉಳಿದರೆ ಎರಡು ನಿಮಿಷ ಹಬೆಯಲ್ಲಿಟ್ಟು, ಹಂಚಿನ ಮೇಲೆ ಒಮ್ಮೆ ತಿರುವಿದರೆ ಮತ್ತೆ ಮೆತ್ತಗಾಗುತ್ತದೆ. ಹೂರಣವನ್ನು ಮಾತ್ರ ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಡಬಹುದು. ಕಣಕ ಆಯಾ ಹೊತ್ತಿಗೇ ಆಗಬೇಕು.