ಮಹಾನಗರದ ನಡೆನುಡಿ: ಪ್ರವಾಸಿಯ ಕಣ್ಣಿನಲ್ಲಿ ಒರಟುತನ ಮತ್ತು ಸೌಜನ್ಯ

ದೂರದ ಊರನ್ನು ನೋಡಿ ಬಂದವನು ಎರಡು ಬಗೆಯ ನೆನಪುಗಳನ್ನು ಹೊತ್ತು ತರುತ್ತಾನೆ. ಒಂದು, ಅಲ್ಲಿಯ ಕಟ್ಟಡ, ಕಡಲು, ವಸ್ತುಸಂಗ್ರಹಾಲಯಗಳ ನೆನಪು. ಇನ್ನೊಂದು, ಅಲ್ಲಿಯ ಜನ ತನ್ನನ್ನು ಮಾತನಾಡಿಸಿದ ರೀತಿಯ ನೆನಪು. ಮೊದಲನೆಯದು ಕಾಲಕ್ರಮದಲ್ಲಿ ಮಸುಕಾಗುತ್ತದೆ. ಎರಡನೆಯದು ಅಷ್ಟು ಸುಲಭವಾಗಿ ಮಾಸುವುದಿಲ್ಲ. ಗುಮಾಸ್ತನೊಬ್ಬ ಮುಖವೆತ್ತಿ ನೋಡದೆ ಚೀಟಿಯನ್ನು ತಳ್ಳಿದನು, ದಾರಿ ಕೇಳಿದರೆ ಒಬ್ಬನು ನಿಲ್ಲದೆಯೇ ನಡೆದುಹೋದನು, ಇಂತಹ ಒಂದೆರಡು ಪ್ರಸಂಗಗಳಿಂದಲೇ “ಆ ಊರಿನ ಜನ ಒರಟರು” ಎಂಬ ತೀರ್ಪು ಹೊರಬೀಳುತ್ತದೆ. ಲಕ್ಷಾಂತರ ಜನ ವಾಸಿಸುವ ನಗರದ ಪರವಾಗಿ ನಾಲ್ಕೇ ಮುಖಗಳು ಸಾಕ್ಷಿ ನುಡಿಯುತ್ತವೆ.

ಈ ತೀರ್ಪು ಎಷ್ಟರಮಟ್ಟಿಗೆ ನ್ಯಾಯವಾದುದು ಎಂಬುದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಶಾಲೆಗಳಿಂದ ಪ್ರತಿವರ್ಷವೂ ವಿದ್ಯಾರ್ಥಿಗಳು ಬೆಂಗಳೂರು, ಮುಂಬಯಿ, ಪುಣೆಗಳಿಗೂ ಸಮುದ್ರದಾಚೆಯ ನಗರಗಳಿಗೂ ಹೋಗುತ್ತಾರೆ. ಅಲ್ಲಿ ಮೊದಲ ವಾರದಲ್ಲಿ ಕಿವಿಗೆ ಬಿದ್ದ ಒಂದು ಬಿರುನುಡಿಯನ್ನು ಅವರು ಹೇಗೆ ಅರ್ಥಮಾಡಿಕೊಳ್ಳುತ್ತಾರೆ ಎಂಬುದರ ಮೇಲೆ ಅವರ ಮುಂದಿನ ಧೈರ್ಯ, ಸ್ನೇಹ, ವಿದ್ಯಾಭ್ಯಾಸಗಳು ಬಹುಮಟ್ಟಿಗೆ ನಿಂತಿರುತ್ತವೆ. ಆದುದರಿಂದ ಈ ವಿಷಯವನ್ನು ಕೆಲವು ನಗರಗಳ ನಿದರ್ಶನಗಳೊಡನೆ ಪರಿಶೀಲಿಸುವುದು ಉಚಿತವಾಗಿದೆ.

೧. ಪ್ಯಾರಿಸಿನ ಹೊಸ್ತಿಲು

ಒರಟುತನದ ಅಪವಾದವನ್ನು ಬಹುಕಾಲದಿಂದ ಹೊತ್ತಿರುವ ನಗರ ಪ್ಯಾರಿಸ್. ಪ್ರವಾಸಿಯೊಬ್ಬನು ಅಲ್ಲಿಯ ಸಣ್ಣ ಅಂಗಡಿಯೊಂದನ್ನು ಹೊಕ್ಕು, ಬೇಕಾದ ವಸ್ತುವನ್ನು ಎತ್ತಿ ನೋಡಿ, “ಇದರ ಬೆಲೆ ಎಷ್ಟು?” ಎಂದು ಕೇಳುತ್ತಾನೆ. ಅಂಗಡಿಯಾಕೆ ಬಿಗಿಮುಖದಿಂದ ಒಂದೇ ಮಾತಿನಲ್ಲಿ ಉತ್ತರಿಸುತ್ತಾಳೆ. ಪ್ರವಾಸಿಗೆ ಅದು ಅವಮಾನವಾಗಿ ತೋರುತ್ತದೆ. ಆದರೆ ಅವಮಾನ ಮೊದಲು ನಡೆದದ್ದು ಆಕೆಗೆ. ಫ್ರಾನ್ಸಿನ ರೂಢಿಯಂತೆ ಅಂಗಡಿಯನ್ನು ಪ್ರವೇಶಿಸುವವನು ಮೊದಲು “ಬೋಂಝೂರ್, ಮದಾಮ್” ಎಂದು ವಂದಿಸಬೇಕು. ಏನನ್ನೂ ಕೊಳ್ಳದಿದ್ದರೂ ಹೊರಡುವಾಗ “ಓ ರವ್ವಾರ್” ಎಂದು ಬೀಳ್ಕೊಳ್ಳಬೇಕು. ಅಂಗಡಿಯ ಹೊಸ್ತಿಲು ಅಲ್ಲಿ ಮನೆಯ ಹೊಸ್ತಿಲಿಗೆ ಸಮಾನ. ವಂದನೆಯಿಲ್ಲದೆ ಒಳಬಂದು ಬೆಲೆ ಕೇಳುವುದು, ಪರರ ಮನೆಗೆ ನುಗ್ಗಿ ಮಾತಿಲ್ಲದೆ ಜಗಲಿಯ ಮೇಲಿನ ತಂಬಿಗೆಯನ್ನು ಎತ್ತಿಕೊಂಡಂತೆ.

ಉಪಾಹಾರಗೃಹದಲ್ಲಿಯೂ ಇಂತಹುದೇ ತಪ್ಪು ತಿಳಿವಳಿಕೆ ಉಂಟಾಗುತ್ತದೆ. ಊಟ ಮುಗಿದು ಅರ್ಧ ಗಂಟೆಯಾದರೂ ಪರಿಚಾರಕನು ಬಿಲ್ಲನ್ನು ತರುವುದಿಲ್ಲವೆಂದು ಅಮೆರಿಕದ ಪ್ರವಾಸಿ ಸಿಡಿಮಿಡಿಗೊಳ್ಳುತ್ತಾನೆ. ಕೇಳದೆ ಬಿಲ್ಲನ್ನು ತಂದಿಡುವುದು “ಇನ್ನು ಏಳಿ” ಎಂದು ಅತಿಥಿಯನ್ನು ಎಬ್ಬಿಸಿದಂತೆ ಎಂಬುದು ಪ್ಯಾರಿಸಿನ ಪರಿಚಾರಕನ ಭಾವನೆ. ಅಮೆರಿಕದಲ್ಲಿ ಪರಿಚಾರಕನ ಆದಾಯದ ದೊಡ್ಡ ಪಾಲು ಗಿರಾಕಿ ಕೊಡುವ ಭಕ್ಷೀಸಿನಿಂದ ಬರುತ್ತದೆ. ಆದುದರಿಂದ ಅಲ್ಲಿ ನಗುಮೊಗ ವೃತ್ತಿಯ ಒಂದು ಅಂಗ. ಫ್ರಾನ್ಸಿನಲ್ಲಿ ಸೇವಾಶುಲ್ಕ ಊಟದ ಬೆಲೆಯಲ್ಲಿಯೇ ಸೇರಿರುವುದರಿಂದ ಪರಿಚಾರಕನು ನಗಲೇಬೇಕಾದ ನಿರ್ಬಂಧವಿಲ್ಲ. ನಗು ಕಡಿಮೆಯಾದ ಮಾತ್ರಕ್ಕೆ ಗೌರವ ಕಡಿಮೆಯಾಯಿತೆಂದು ಹೇಳಲಾಗದು.

ಜಪಾನಿನಿಂದ ಬಂದವರಿಗೆ ಈ ಅಂತರ ಇನ್ನೂ ತೀಕ್ಷ್ಣವಾಗಿರುತ್ತದೆ. ಟೋಕಿಯೊದ ಅಂಗಡಿಗಳಲ್ಲಿ ಸ್ವಾಗತ ಕೋರುವವನು ಅಂಗಡಿಯವನು. ಗಿರಾಕಿ ಪ್ರತಿನುಡಿಯದೆ ಒಳಹೋದರೂ ತಪ್ಪಿಲ್ಲ. ಪ್ಯಾರಿಸಿನಲ್ಲಿ ಕ್ರಮ ತಿರುಗುಮುರುಗು. ಚಿತ್ರ, ಕಾದಂಬರಿಗಳಲ್ಲಿ ಕಂಡ ಸುಂದರ ನಗರವನ್ನು ನಿರೀಕ್ಷಿಸಿ ಬಂದು, ಭಾಷೆ ತಿಳಿಯದೆ, ದಣಿದು, ಇಂತಹ ನಿಷ್ಠುರ ನಡವಳಿಕೆಯನ್ನು ಎದುರಿಸಿದ ಕೆಲವು ಜಪಾನೀಯರು ಮನೋವ್ಯಥೆಗೆ ಒಳಗಾದುದನ್ನು ಪ್ಯಾರಿಸಿನಲ್ಲಿದ್ದ ಜಪಾನಿ ಮನೋವೈದ್ಯ ಹಿರೋಆಕಿ ಓಟ ಅವರು ಗುರುತಿಸಿದರು. ಅದು “ಪ್ಯಾರಿಸ್ ಸಿಂಡ್ರೋಮ್” ಎಂದು ಹೆಸರಾಯಿತು. ಹೀಗೆ ಬಳಲಿದವರ ಸಂಖ್ಯೆ ಅಲ್ಪವೇ. ಆದರೂ ನಡವಳಿಕೆಯ ಅಂತರ ಮನುಷ್ಯನನ್ನು ಎಷ್ಟು ಆಳವಾಗಿ ನೋಯಿಸಬಲ್ಲದೆಂಬುದಕ್ಕೆ ಅದು ನಿದರ್ಶನ.

ಪ್ಯಾರಿಸಿನವರೂ ಈ ಅಪವಾದವನ್ನು ಅಲಕ್ಷಿಸಲಿಲ್ಲ. ೨೦೧೩ರಲ್ಲಿ ಅಲ್ಲಿಯ ವಾಣಿಜ್ಯ ಮಂಡಲಿಯೂ ಪ್ರಾದೇಶಿಕ ಪ್ರವಾಸೋದ್ಯಮ ಸಮಿತಿಯೂ ಕೂಡಿ ಒಂದು ಕಿರುಹೊತ್ತಗೆಯನ್ನು ಮುದ್ರಿಸಿ, ಟ್ಯಾಕ್ಸಿ ಚಾಲಕರು, ಪರಿಚಾರಕರು, ಹೋಟೆಲಿನವರು, ಅಂಗಡಿಯವರು ಮೊದಲಾದವರಿಗೆ ಸುಮಾರು ೩೦,೦೦೦ ಪ್ರತಿಗಳನ್ನು ಹಂಚಿದರು. ಯಾವ ದೇಶದವರನ್ನು ಹೇಗೆ ಮಾತನಾಡಿಸಿದರೆ ಹಿತವೆಂಬ ಸೂಚನೆಗಳು ಅದರಲ್ಲಿದ್ದುವು. ಒರಟರೆನಿಸಿಕೊಂಡವರೇ ಪರರ ರೀತಿಯನ್ನು ಅಭ್ಯಾಸ ಮಾಡಲು ಹೊರಟರೆಂಬುದು ಗಮನಾರ್ಹ.

೨. ಕಂಡೂ ಕಾಣದಂತಿರುವ ಸೌಜನ್ಯ

ಪ್ಯಾರಿಸಿನಲ್ಲಿ ನುಡಿಯದಿರುವುದು ತಪ್ಪಾದರೆ, ಬೇರೆ ಕಡೆ ನುಡಿಯುವುದೇ ತಪ್ಪಾಗುತ್ತದೆ. ಲಂಡನ್ನಿನ ಭೂಗತ ರೈಲಿನಲ್ಲಿ ಎದುರುಬದುರು ಕುಳಿತವರು ಒಬ್ಬರ ಮುಖವನ್ನೊಬ್ಬರು ದಿಟ್ಟಿಸುವುದಿಲ್ಲ, ಮಾತನಾಡಿಸುವುದೂ ಅಪರೂಪ. ಟೋಕಿಯೊದ ರೈಲುಗಳಲ್ಲಿ ದೂರವಾಣಿಯಲ್ಲಿ ಗಟ್ಟಿಯಾಗಿ ಮಾತನಾಡುವುದು ಅಸಭ್ಯವೆನಿಸುತ್ತದೆ. ಹಳ್ಳಿಯಿಂದ ಹೋದವನಿಗೆ ಇದು ಹೃದಯಶೂನ್ಯತೆಯಾಗಿ ಕಾಣುತ್ತದೆ.

ಅಮೆರಿಕದಲ್ಲಿ ನೆಲಸಿದ್ದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ನರು ೧೯೬೩ರಲ್ಲಿ ಈ ನಡವಳಿಕೆಯನ್ನು ವಿವೇಚಿಸಿ, ಅದಕ್ಕೆ ಒಂದು ಹೆಸರನ್ನೇ ಕೊಟ್ಟರು. ಅದನ್ನು ಕನ್ನಡದಲ್ಲಿ “ಸೌಜನ್ಯಪೂರ್ವಕವಾದ ಅಲಕ್ಷ್ಯ” ಎನ್ನಬಹುದು. ಅಪರಿಚಿತರು ಎದುರಾದಾಗ ಕ್ಷಣಕಾಲ ದೃಷ್ಟಿ ಹಾಯಿಸಿ “ನೀವಿರುವುದನ್ನು ಗಮನಿಸಿದೆ” ಎಂದು ಸೂಚಿಸುತ್ತಾರೆ. ಒಡನೆಯೇ ದೃಷ್ಟಿ ಹಿಂತೆಗೆದು “ನಿಮ್ಮನ್ನು ಕೆಣಕುವ ಉದ್ದೇಶ ನನಗಿಲ್ಲ” ಎಂದು ತಿಳಿಸುತ್ತಾರೆ. ಮೈಗೆ ಮೈ ತಾಗುವಷ್ಟು ಇಕ್ಕಟ್ಟಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಡಬಹುದಾದ ಏಕಾಂತ ಇದೊಂದೇ.

ಇದಕ್ಕೂ ಮೊದಲು, ೧೯೦೩ರಲ್ಲಿಯೇ, ಬರ್ಲಿನ್ನಿನ ತತ್ತ್ವಚಿಂತಕ ಗೇಯೋರ್ಗ್ ಝಿಮ್ಮೆಲರು ಮಹಾನಗರದ ಮಾನಸಿಕ ಜೀವನವನ್ನು ಕುರಿತು ಪ್ರಬಂಧ ಬರೆದಿದ್ದರು. ಸಣ್ಣ ಊರಿನಲ್ಲಿ ಎದುರಾದವರಿಗೆಲ್ಲ ಮನಸ್ಸಿನಿಂದ ಸ್ಪಂದಿಸುವುದು ಸಾಧ್ಯ. ದಿನಕ್ಕೆ ಸಾವಿರಾರು ಮುಖಗಳನ್ನು ಕಾಣುವ ನಗರವಾಸಿ ಹಾಗೆ ಮಾಡಹೊರಟರೆ ಅವನ ಅಂತರಂಗ ಚೂರುಚೂರಾಗುತ್ತದೆ. ಆದುದರಿಂದ ಅವನು ಒಂದು ಬಗೆಯ ಸಂಯಮದ ಕವಚವನ್ನು ತೊಡುತ್ತಾನೆ ಎಂಬುದು ಅವರ ವಾದದ ಸಾರ.

೩. ಅವಸರವೆಂಬ ಕಾರಣ

ನಗರದ ನಡವಳಿಕೆಯೆಲ್ಲವೂ ಶಿಷ್ಟಾಚಾರವೇ ಎಂದರೆ ಅರ್ಧಸತ್ಯವಾದೀತು. ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್ಗ್ರಾಮರು ೧೯೭೦ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಒಂದು ಪ್ರಯೋಗದ ವರದಿಯಿದೆ. ಅಪರಿಚಿತ ವಿದ್ಯಾರ್ಥಿಗಳು ಮನೆಯ ಬಾಗಿಲು ತಟ್ಟಿ, ದೂರವಾಣಿ ಬಳಸಲು ಅನುಮತಿ ಬೇಡಿದರು. ನ್ಯೂಯಾರ್ಕಿನ ಮ್ಯಾನ್‌ಹಟನ್ನಿಗಿಂತ ಸಣ್ಣ ಪಟ್ಟಣಗಳಲ್ಲಿ ಅವರಿಗೆ ಪ್ರವೇಶ ದೊರೆತುದು ಇಮ್ಮಡಿಗೂ ಹೆಚ್ಚು. ನಗರದವರಲ್ಲಿ ಶೇಕಡ ೭೫ರಷ್ಟು ಮಂದಿ ಮುಚ್ಚಿದ ಬಾಗಿಲಿನ ಹಿಂದಿನಿಂದಲೇ ಕೂಗಿಯೋ ಕಿಂಡಿಯಲ್ಲಿ ಇಣುಕಿಯೋ ಉತ್ತರಿಸಿದರೆ, ಪಟ್ಟಣಗಳಲ್ಲಿ ಸುಮಾರು ಅಷ್ಟೇ ಪ್ರಮಾಣದ ಜನ ಬಾಗಿಲು ತೆರೆದರು. ಭಯವೂ ಕೆಲಸದ ಒತ್ತಡವೂ ನಗರವಾಸಿಯ ಕರುಣೆಯ ಎಲ್ಲೆಯನ್ನು ಕಿರಿದುಗೊಳಿಸುತ್ತವೆ.

ಆದರೆ ಕಠಿಣವಾದುದು ನಗರದವನ ಹೃದಯವೇ ಅಥವಾ ಅವನ ಗಡಿಯಾರವೇ? ಇದಕ್ಕೆ ೧೯೭೩ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಬೆಳಕು ಚೆಲ್ಲುತ್ತದೆ. ಪ್ರಿನ್ಸ್‌ಟನ್ ಎಂಬ ಸಣ್ಣ ಊರಿನಲ್ಲಿ ಧರ್ಮಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಉಪನ್ಯಾಸ ಕೊಡಲು ಕಳುಹಿಸಲಾಯಿತು. ದಾರಿಯಲ್ಲಿ ಒಬ್ಬನು ಕೆಮ್ಮುತ್ತ, ನರಳುತ್ತ ಕುಸಿದು ಕುಳಿತಿದ್ದನು. ಸಾಕಷ್ಟು ವೇಳೆಯಿದೆಯೆಂದು ತಿಳಿದಿದ್ದವರಲ್ಲಿ ಶೇಕಡ ೬೩ ಮಂದಿ ನೆರವಾದರು. ತಡವಾಗಿದೆ ಎಂದು ಹೇಳಿಸಿಕೊಂಡವರಲ್ಲಿ ನೆರವಾದವರು ಶೇಕಡ ೧೦ ಮಾತ್ರ. ಅವರಲ್ಲಿ ಕೆಲವರು ಉಪನ್ಯಾಸ ಕೊಡಬೇಕಾಗಿದ್ದುದು ದಾರಿಯಲ್ಲಿ ಬಿದ್ದವನನ್ನು ಎತ್ತಿದ ಕರುಣಾಳುವಿನ ಬೈಬಲ್ ಕಥೆಯನ್ನು ಕುರಿತು! ಅವಸರ ಹೊಕ್ಕರೆ ಧರ್ಮಶಾಸ್ತ್ರದ ವಿದ್ಯಾರ್ಥಿಯೂ ಮಹಾನಗರದ ದಾರಿಹೋಕನಂತೆಯೇ ನಡೆದುಕೊಳ್ಳುತ್ತಾನೆ.

೪. ಅಳತೆಗೋಲು ಯಾರದು?

ನಗರಗಳ ಸೌಜನ್ಯವನ್ನು ಅಳೆಯುವ ಪ್ರಯತ್ನಗಳೂ ನಡೆದಿವೆ. ರಾಬರ್ಟ್ ಲೆವೀನ್ ಮತ್ತು ಸಂಗಡಿಗರು ೨೩ ದೇಶಗಳ ದೊಡ್ಡ ನಗರಗಳಲ್ಲಿ ಮಾಡಿದ ಪರೀಕ್ಷೆಯ ಫಲಿತಾಂಶ ೨೦೦೧ರಲ್ಲಿ ಪ್ರಕಟವಾಯಿತು. ಲೇಖನಿ ಬೀಳಿಸಿಕೊಂಡವನಿಗೆ, ಕಾಲು ನೋವಿನಿಂದ ಕುಂಟುವವನಿಗೆ, ರಸ್ತೆ ದಾಟಲು ನಿಂತ ಅಂಧನಿಗೆ ಎಷ್ಟು ಜನ ನೆರವಾಗುವರೆಂಬುದೇ ಪರೀಕ್ಷೆ. ಬ್ರೆಜಿಲಿನ ರಿಯೊ ಡಿ ಜನೈರೊ ಮೊದಲನೆಯದಾಯಿತು. ಜನಸಾಂದ್ರತೆಗೆ ಹೆಸರಾದ ಕಲ್ಕತ್ತ ಮುಂಚೂಣಿಯಲ್ಲಿತ್ತು. ನ್ಯೂಯಾರ್ಕ್ ಪಟ್ಟಿಯ ತಳಕ್ಕೆ ಸಮೀಪದಲ್ಲಿತ್ತು. ಊರು ದೊಡ್ಡದಾದ ಮಾತ್ರಕ್ಕೆ ಕರುಣೆ ಬತ್ತಬೇಕಾಗಿಲ್ಲವೆಂಬುದು ಇದರಿಂದ ಸ್ಪಷ್ಟ.

೨೦೦೬ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆ ೩೫ ನಗರಗಳಲ್ಲಿ ಬೇರೊಂದು ಪರೀಕ್ಷೆ ನಡೆಸಿತು. ಹಿಂದೆ ಬರುವವರಿಗಾಗಿ ಬಾಗಿಲನ್ನು ಹಿಡಿದು ನಿಲ್ಲುವರೇ, ಅಂಗಡಿಯವರು ವಂದನೆ ಹೇಳುವರೇ, ಚೆಲ್ಲಿದ ಕಾಗದಗಳನ್ನು ಆಯ್ದುಕೊಡುವರೇ ಎಂಬುವು ಪ್ರಶ್ನೆಗಳು. ಈ ಸಲ ಶೇಕಡ ೮೦ ಅಂಕಗಳೊಡನೆ ನ್ಯೂಯಾರ್ಕ್ ಪ್ರಥಮ ಸ್ಥಾನ ಪಡೆಯಿತು. ಮುಂಬಯಿ ಶೇಕಡ ೩೨ರೊಡನೆ ಕಟ್ಟಕಡೆಗೆ ನಿಂತಿತು.

ಒಂದು ಪರೀಕ್ಷೆಯಲ್ಲಿ ಹಿಂದುಳಿದ ನಗರ ಇನ್ನೊಂದರಲ್ಲಿ ಪ್ರಥಮವಾದುದು ಹೇಗೆ? ಅಳತೆಗೋಲು ಬದಲಾಯಿತು, ಅಷ್ಟೆ. ಬಾಗಿಲೇ ಇಲ್ಲದ, ರಸ್ತೆಗೆ ತೆರೆದುಕೊಂಡ ಅಂಗಡಿಗಳು ಮುಂಬಯಿಯ ಬೀದಿಬೀದಿಗಳಲ್ಲಿವೆ. ಎರಡು ರೂಪಾಯಿಯ ವ್ಯವಹಾರಕ್ಕೆ ಬಾಯಿಮಾತಿನ ವಂದನೆ ಸಲ್ಲಿಸುವ ರೂಢಿ ಭಾರತದಲ್ಲಿ ವಿರಳ. ಅದೇ ಮುಂಬಯಿಯ ಲೋಕಲ್ ರೈಲಿನಲ್ಲಿ ಮೂವರ ಆಸನದಲ್ಲಿ ಕುಳಿತವರು ತುಸು ಸರಿದು ನಾಲ್ಕನೆಯವನಿಗೆ ಎಡೆಗೊಡುತ್ತಾರೆ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ ೯೪೪ ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿದಾಗ, ನೀರಿನಲ್ಲಿ ನಡೆದು ಹೋಗುತ್ತಿದ್ದ ಅಪರಿಚಿತರಿಗೆ ಜನ ನೀರು, ಆಹಾರ ಹಂಚಿದರು, ಮನೆಯ ಬಾಗಿಲನ್ನು ತೆರೆದರು. ಕರಾವಳಿಯ ಹಳ್ಳಿಗಳಿಂದ ಹೋಗಿ, ಹಗಲು ಹೋಟೆಲುಗಳಲ್ಲಿ ದುಡಿದು, ಕನ್ನಡಿಗರು ನಡೆಸಿದ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದವರು ಎಷ್ಟೋ ಮಂದಿ. ಅವರಿಗೆ ನೆಲೆ ಕೊಟ್ಟದ್ದೂ ಇದೇ ನಗರ. ಬಾಗಿಲು ಹಿಡಿಯುವ ಪರೀಕ್ಷೆಯಲ್ಲಿ ಇದಾವುದಕ್ಕೂ ಅಂಕವಿರಲಿಲ್ಲ.

೫. ಕನ್ನಡಿಯಲ್ಲಿ ಕನ್ನಡಿಗ

ಪರರ ಕಣ್ಣಿಗೆ ಕನ್ನಡ ನಾಡಿನ ನಡವಳಿಕೆ ಹೇಗೆ ಕಾಣಬಹುದೆಂದು ಯೋಚಿಸುವುದೂ ಆವಶ್ಯಕ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವನನ್ನು ಕನ್ನಡಿಗನು “ಯಾವೂರಾಯಿತು? ಮಕ್ಕಳೆಷ್ಟು? ಸಂಬಳವೆಷ್ಟು?” ಎಂದು ವಿಚಾರಿಸುತ್ತಾನೆ. ಇಲ್ಲಿ ಅದು ಆತ್ಮೀಯತೆ. ಲಂಡನ್ನಿನವನಿಗೆ ಅದು ಅತಿಕ್ರಮಣ. “ದಯವಿಟ್ಟು” ಎಂಬ ಪದವನ್ನು ಆಡುಮಾತಿನಲ್ಲಿ ಬಳಸುವವರು ಕಡಿಮೆ. ಮರ್ಯಾದೆಯೆಲ್ಲ “ಕೊಡಿ”, “ಕೊಡ್ರಿ” ಎಂಬ ಕ್ರಿಯಾಪದದ ಕೊನೆಯಲ್ಲಿ ಅಡಗಿದೆ. ಭಾಷೆ ತಿಳಿಯದವನ ಕಿವಿಗೆ ಅದು ಬರಿಯ ಆಜ್ಞೆ. ಹೊರಟು ನಿಂತವನು “ಹೋಗುತ್ತೇನೆ” ಎನ್ನದೆ “ಬರುತ್ತೇನೆ” ಎನ್ನುತ್ತಾನೆ. ಅದರ ಹಿಂದಿನ ಮಂಗಳಭಾವ ತಿಳಿಯದ ವಿದೇಶೀಯನು ಸಂಜೆಯವರೆಗೂ ಅವನ ದಾರಿ ಕಾದಾನು.

೬. ವಿವೇಚನೆಯ ಒರೆಗಲ್ಲು

ಹಾಗೆಂದು ನಗರದಲ್ಲಿ ಎದುರಾಗುವ ಪ್ರತಿಯೊಂದು ಒರಟುತನವನ್ನೂ “ಅಲ್ಲಿಯ ಪದ್ಧತಿ” ಎಂದು ಸಹಿಸಿಕೊಳ್ಳಬೇಕೆಂದು ಅರ್ಥವಲ್ಲ. ಉಡುಪು, ಭಾಷೆ, ಮೈಬಣ್ಣಗಳನ್ನು ನೋಡಿ ಹೀಯಾಳಿಸುವುದು, ಹೊಸಬನೆಂದು ಅರಿತು ಇಮ್ಮಡಿ ಬಾಡಿಗೆ ಕೀಳುವುದು ಎಲ್ಲ ನಾಡುಗಳಲ್ಲಿಯೂ ಅನ್ಯಾಯವೇ. ಪದ್ಧತಿಯನ್ನು ಅವಮಾನವೆಂದು ಬಗೆದ ವಿದ್ಯಾರ್ಥಿ ಮುದುಡಿ ಒಂಟಿಯಾಗುತ್ತಾನೆ; ಅವಮಾನವನ್ನು ಪದ್ಧತಿಯೆಂದು ಬಗೆದವನು ತಲೆಬಾಗುವುದನ್ನು ರೂಢಿಮಾಡಿಕೊಳ್ಳುತ್ತಾನೆ. ಎರಡೂ ಹಾನಿಯೇ.

ಇವೆರಡನ್ನು ಬೇರ್ಪಡಿಸಲು ಸುಲಭವಾದ ಒರೆಗಲ್ಲೊಂದಿದೆ. ಆ ಮನುಷ್ಯ ತನ್ನ ಊರಿನವರೊಡನೆ ಹೇಗೆ ನಡೆದುಕೊಳ್ಳುತ್ತಾನೆಂಬುದನ್ನು ಕ್ಷಣಕಾಲ ನಿಂತು ಗಮನಿಸಬೇಕು. ಎಲ್ಲರೊಡನೆಯೂ ಅದೇ ಬಿಗಿಮುಖ, ಅದೇ ಚುಟುಕು ಮಾತು ಇದ್ದರೆ ಅದು ಊರಿನ ರೀತಿ ಅಥವಾ ಅವನ ಅವಸರ. ಅದನ್ನು ಕಲಿತು ಹೊಂದಿಕೊಳ್ಳಬೇಕು. ಊರಿನವರಿಗೆ ಮರ್ಯಾದೆ, ಹೊಸಬನಿಗೆ ಮಾತ್ರ ತಾತ್ಸಾರವಿದ್ದರೆ ಅದು ಅವಮಾನ. ಅದನ್ನು ಸಭ್ಯವಾದ ಮಾತಿನಿಂದಲೇ ಪ್ರತಿಭಟಿಸಬೇಕು. ಇದರೊಡನೆ ಆ ಊರಿನ ಭಾಷೆಯಲ್ಲಿ ವಂದಿಸುವ, ಕ್ಷಮೆ ಕೇಳುವ, ಬೀಳ್ಕೊಳ್ಳುವ ಮೂರು ಮಾತುಗಳನ್ನು ಕಲಿತು ಹೋದವನಿಗೆ ಅನೇಕ ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆ.

ಭೂಗೋಳದ ಪಾಠದಲ್ಲಿ ನಗರಗಳ ಜನಸಂಖ್ಯೆ, ಕೈಗಾರಿಕೆ, ಬಂದರುಗಳನ್ನು ಬಾಯಿಪಾಠ ಮಾಡಿಸುವ ಉಪಾಧ್ಯಾಯರು ಅಲ್ಲಿಯ ಜನ ಹೇಗೆ ವಂದಿಸುತ್ತಾರೆಂಬುದನ್ನೂ ಒಂದು ಮಾತಿನಲ್ಲಿ ಹೇಳಿಕೊಟ್ಟರೆ, ನಗರಕ್ಕೆ ಹೊರಟ ಹುಡುಗನ ಗಂಟಿನಲ್ಲಿ ಒಂದು ಹೊತ್ತಿನ ಬುತ್ತಿ ಹೆಚ್ಚಾಗಿ ಕಟ್ಟಿದಂತಾಗುತ್ತದೆ. ಅದೇ ಹುಡುಗನು ಮುಂದೆ ನಗರವಾಸಿಯಾಗಿ, ತನ್ನಂತೆಯೇ ದಾರಿ ತಿಳಿಯದೆ ನಿಂತ ಹೊಸಬನನ್ನು ಕಂಡಾಗ, ಗಡಿಯಾರವನ್ನು ಒಂದು ನಿಮಿಷ ಮರೆತು ನಿಂತು ದಾರಿ ತೋರಿದರೆ ಆ ಪಾಠ ಸಾರ್ಥಕವಾಗುತ್ತದೆ.